ಕೊಯ್ಯುವವರಿಲ್ಲದ ಕೈತೋಟ

ಬಿತ್ತುವ ದಿನ ಮನೆಮಂದಿಯೆಲ್ಲ ಉತ್ಸಾಹದಿಂದ ತೋಟಕ್ಕಿಳಿಯುತ್ತಾರೆ, ಆದರೆ ಕಾಯಿ ಬಿಡತೊಡಗಿದ ಮೇಲೆ ಬುಟ್ಟಿ ಹಿಡಿದು ಸಾಲುಗಳ ನಡುವೆ ನಡೆಯಲು ಯಾರಿಗೂ ಬಿಡುವಿರುವುದಿಲ್ಲ ಎಂಬುದು ಪ್ರತಿ ಹಂಗಾಮಿನಲ್ಲೂ ನನ್ನನ್ನು ನೋಯಿಸುತ್ತದೆ. ನಾಳೆ ಕೊಯ್ದರಾಯಿತು ಎಂದರೆ ಗಿಡ ಕಾಯುವುದಿಲ್ಲ. ಬೆಂಡೆಯ ಹೂವು ಅರಳಿದ 4ರಿಂದ 6 ದಿನಗಳಲ್ಲಿ ಕಾಯಿ ಎಳೆಯದಾಗಿ ಕೊಯ್ಲಿಗೆ ಬರುತ್ತದೆ. ಇನ್ನೂ ಕೆಲವು ದಿನ ಗಿಡದಲ್ಲೇ ಬಿಟ್ಟರೆ ನಾರುಗಟ್ಟಿ, ತುದಿ ಮುರಿದರೂ ಮುರಿಯದಂತಾಗುತ್ತದೆ. ಹಾಳಾಗುವುದು ಆ ಒಂದು ಕಾಯಿ ಮಾತ್ರವಾಗಿದ್ದರೆ ನಾನು ಇಷ್ಟು ಬೇಸರಪಡುತ್ತಿರಲಿಲ್ಲ. ಬೆಂಡೆ, ಬೀನ್ಸ್, ಸೌತೆಗಳಲ್ಲಿ ಬಲಿಯುತ್ತಿರುವ ಕಾಯೊಳಗಿನ ಬೀಜವು ಗಿಡದ ಆಹಾರದ ಹೆಚ್ಚಿನ ಪಾಲನ್ನು ತನ್ನೆಡೆಗೆ ಸೆಳೆದುಕೊಳ್ಳುವುದರಿಂದ ಹೊಸ ಹೂವು, ಮಿಡಿಗಳು ಕಡಿಮೆಯಾಗುತ್ತವೆ. ಅಂದರೆ ಇಂದಿನ ಉದಾಸೀನದ ನಷ್ಟವನ್ನು ಮುಂದಿನ ವಾರಗಳ ಇಳುವರಿಯಲ್ಲಿ ಭರಿಸಬೇಕಾಗುತ್ತದೆ. ಎಲೆಗಳ ಮರೆಯಲ್ಲಿ ಹಳದಿಗೆ ತಿರುಗಿದ ಸೌತೆಕಾಯಿ ಇಡೀ ಬಳ್ಳಿಯ ಫಸಲನ್ನು ಕುಗ್ಗಿಸಬಲ್ಲದು ಎಂದು ಎಷ್ಟು ಬಾರಿ ಹೇಳಿದರೂ ಮಕ್ಕಳು ಎದುರಿಗೆ ಕಂಡದ್ದನ್ನಷ್ಟೇ ಕಿತ್ತು ತರುತ್ತಾರೆ, ಅದೂ ತೊಟ್ಟನ್ನು ಕತ್ತರಿಸದೆ ಬಳ್ಳಿಯನ್ನೇ ಜಗ್ಗಿ.

ದೊಡ್ಡವರ ಮೇಲಿನ ನನ್ನ ದೂರು ಇನ್ನೂ ಹೆಚ್ಚಿನದು. ಊಟಕ್ಕೆ ಕುಳಿತಾಗ ತರಕಾರಿ ಬಲಿತಿದೆಯೆಂದು ತಟ್ಟೆಯಂಚಿಗೆ ಸರಿಸುವವರು ಬೆಳಗಿನ ತಂಪಿನಲ್ಲಿ ಅರ್ಧ ಗಂಟೆ ತೋಟಕ್ಕೆ ಬಂದಿದ್ದರೆ, ಅದೇ ಕಾಯಿ ಎಳೆಯದಾಗಿಯೇ ಅಡುಗೆಮನೆ ಸೇರುತ್ತಿತ್ತು. ದಿನ ಬಿಟ್ಟು ದಿನ ಯಾರು ಯಾವ ಸಾಲನ್ನು ಕೊಯ್ಯಬೇಕೆಂದು ಬರೆದು ಗೋಡೆಗೆ ಅಂಟಿಸಿದ್ದೇನೆ. ನಾನು ನೆನಪಿಸದೆಯೇ ಒಬ್ಬರಾದರೂ ಅದನ್ನು ಪಾಲಿಸಬೇಕೆಂಬುದಷ್ಟೇ ನನ್ನ ಬೇಡಿಕೆ.