ಹಾಳೂರಿಗೆ ಉದ್ದ ಕಂಬದೋನೇ ಗೌಡ

ಒಂದು ಕ್ವಿಜ್ ಪ್ರಶ್ನೆ. ಜನಾನೇ ವಾಸ ಇಲ್ಲದ ಊರಲ್ಲಿ 160 ಮೀಟರ್ ಎತ್ತರದ ಬಾವುಟದ ಕಂಬ ನಿಲ್ಲಿಸಿರೋ ದೇಶ ಯಾವುದು? ಉತ್ತರ, ಉತ್ತರ ಕೊರಿಯಾ.

ತಮಾಷೆ ಮಾಡ್ತಿಲ್ಲ ಕಣ್ರೀ. ಎರಡು ಕೊರಿಯಾಗಳ ಮಧ್ಯೆ ಸೈನ್ಯ ಕಾಲಿಡಬಾರದು ಅಂತ ಒಂದು ಪಟ್ಟಿ ಜಾಗ ಬಿಟ್ಟಿದ್ದಾರಲ್ಲ, ಅದರೊಳಗೆ ಆ ಕಡೆಯವರದ್ದೊಂದು ಹಳ್ಳಿ, ಈ ಕಡೆಯವರದ್ದೊಂದು ಹಳ್ಳಿ. 1980ರ ದಶಕದಲ್ಲಿ ದಕ್ಷಿಣದವರು ತಮ್ಮ ಡೇಸಾಂಗ್‌ಡಾಂಗ್ ಹಳ್ಳೀಲಿ ಹತ್ತತ್ರ ನೂರು ಮೀಟರ್ ಕಂಬ ನೆಟ್ಟು ಬಾವುಟ ಹಾರಿಸಿದ್ರು. ಉತ್ತರದವರಿಗೆ ಹೊಟ್ಟೆ ಉರೀತು, ಎದುರಿನ ಕಿಜಾಂಗ್‌ಡಾಂಗ್‌ನಲ್ಲಿ 160 ಮೀಟರ್ ಎಬ್ಬಿಸಿಬಿಟ್ರು. ಅದರ ಬಾವುಟದ ತೂಕವೇ ಸುಮಾರು 270 ಕೆಜಿ, ಅಂದ್ರೆ ಐದು ಮೂಟೆ ಸಿಮೆಂಟು, ಮೇಲೆ ಇಪ್ಪತ್ತು ಕೆಜಿ ಕೊಸರು. ಅದು ಹಾರಬೇಕು ಅಂದ್ರೆ ಸಣ್ಣಪುಟ್ಟ ಗಾಳಿ ಸಾಲಲ್ಲ, ಮಿಕ್ಕ ದಿನ ಒಗೆದು ಹಾಕಿದ ಜಮಖಾನದ ಥರ ಜೋತಾಡಿಕೊಂಡಿರುತ್ತೆ. ಊರಲ್ಲಿ ಇನ್ನೂರು ಮನೆ, ಶಾಲೆ, ಆಸ್ಪತ್ರೆ ಎಲ್ಲಾ ಇದೆ ಅಂತ ಅವರ ವಾದ, ದುರ್ಬೀನು ಹಿಡಿದು ನೋಡಿದವರು ಹೇಳೋದೇನಂದ್ರೆ ಕಿಟಕಿಗಳಿಗೆ ಗಾಜೇ ಇಲ್ಲ, ಲೈಟು ಮಾತ್ರ ದಿನಾ ಅದೇ ಟೈಮಿಗೆ ಹತ್ತುತ್ತೆ, ಅದೇ ಟೈಮಿಗೆ ಆರುತ್ತೆ.

ಹಾಳೂರಿಗೆ ಉಳಿದವನೇ ಗೌಡ ಅಂತ ನಮ್ಮಜ್ಜಿ ಹೇಳ್ತಿದ್ಲು. ಇಲ್ಲಿ ಆ ಒಬ್ಬ ಗೌಡನೂ ಉಳಿದಿಲ್ಲ, ಕಂಬಾನೇ ಗೌಡ.

ಅಷ್ಟಕ್ಕೇ ಮುಗಿದಿದ್ರೆ ಅಣ್ಣತಮ್ಮಂದಿರ ಹೊಲದ ಬದುವಿನ ಜಗಳ ಅಂತ ಬಿಟ್ಟುಬಿಡಬಹುದಿತ್ತು. ಆದ್ರೆ ಈ ಕಾಯಿಲೆ ಹಬ್ಬಿತು ನೋಡಿ. 2003ರಲ್ಲಿ ಜೋರ್ಡಾನ್‌ನವರು ಅಮ್ಮಾನ್‌ನಲ್ಲಿ 126 ಮೀಟರ್ ದಾಟಿಸಿದ್ರು, 2008ರಲ್ಲಿ ತುರ್ಕ್‌ಮೆನಿಸ್ತಾನದ ಅಶ್ಗಾಬಾತ್‌ನಲ್ಲಿ 133. 2010ರಲ್ಲಿ ಅಜರ್‌ಬೈಜಾನ್‌ನ ಬಾಕು ಒಂದೇ ಏಟಿಗೆ 162 ಮೀಟರಿಗೆ ಹಾರಿ, ಗಿನ್ನೆಸ್ ಸರ್ಟಿಫಿಕೇಟು ಇಸ್ಕೊಂಡು, ಅದಕ್ಕೆ ಫ್ರೇಮು ಹಾಕಿಸೋಷ್ಟರಲ್ಲಿ 2011 ಬಂತು, ತಜಕಿಸ್ತಾನದ ದುಶಾಂಬೆಯವರು 165 ಮಾಡಿದ್ರು. ಮೂರು ಮೀಟರು! ನಮ್ಮ ಬೀದಿ ಹುಡುಗರು ಗಣಪತಿ ಕೂರಿಸುವಾಗ ಮಾಡೋ ಲೆಕ್ಕಾನೇ ಇದು, ಮೇಲಿನ ಬೀದಿಯವರು ಹತ್ತಡಿ ಇಟ್ರಾ, ಹಂಗಾದ್ರೆ ನಮ್ದು ಹನ್ನೊಂದು. ವ್ಯತ್ಯಾಸ ಏನಂದ್ರೆ ನಮ್ಮ ಹುಡುಗರು ವಿಸರ್ಜನೆ ದಿನ ಕರೆಂಟ್ ವೈರು ಎತ್ತಿ ಹಿಡಿಯೋಕೆ ಒಬ್ಬನ ಕೈಗೆ ಬಿದಿರು ಕೋಲು ಕೊಟ್ಟು ಟ್ರ್ಯಾಕ್ಟರ್ ಮೇಲೆ ನಿಲ್ಲಿಸ್ತಾರೆ, ತಜಕಿಸ್ತಾನದಲ್ಲಿ ಚಳಿಗಾಲ ಬಂದ್ರೆ ವೈರಿನೊಳಗೆ ಕರೆಂಟೇ ಇರ್ತಿರಲಿಲ್ಲ, ಹಳ್ಳಿಗಳಿಗೆಲ್ಲ ಲೋಡ್ ಶೆಡ್ಡಿಂಗು.

ಆಮೇಲೆ 2014ರಲ್ಲಿ ಸೌದಿಯ ಜೆಡ್ಡಾ, 171. 2021ರಲ್ಲಿ ಈಜಿಪ್ಟಿನವರು ಕೈರೋ ಹೊರಗೆ ಕಟ್ಟುತ್ತಿರೋ ಹೊಸ ರಾಜಧಾನೀಲಿ ಸುಮಾರು 202 ಮೀಟರ್. ಜೋಗದ ಗುಂಡಿಯಲ್ಲಿ ತಂದು ನಿಲ್ಲಿಸಿದ್ರೆ ಮೇಲೆ ಬರೀ ಐವತ್ತು ಮೀಟರ್ ಜಾಗ ಉಳಿಯುತ್ತೆ, ಅಷ್ಟು ಉದ್ದ. ಪಿರಮಿಡ್ ಕಟ್ಟಿದ ವಂಶದವರು, ಅವರಿಗೇನು ಹೇಳೋದು. ಪಾಪ ಬಾಕುದವರು ತಮ್ಮ ಹಳೇ ಕಂಬ ಇಳಿಸಿ 2024ರಲ್ಲಿ 191 ಮೀಟರಿನ ಹೊಸದು ನಿಲ್ಲಿಸಿದ್ರು. ಇಷ್ಟೆಲ್ಲ ಖರ್ಚು ಮಾಡೋರು ಇನ್ನೊಂದು ಹನ್ನೆರಡು ಮೀಟರ್ ಸೇರಿಸಬಾರದಿತ್ತಾ ಅಂತ ಸಂಬಂಧ ಇಲ್ಲದ ನನಗೇ ಹೊಟ್ಟೆ ಚುರುಕ್ ಅಂತು.

ಇದರಲ್ಲಿ ನನಗೆ ತುಂಬಾ ಇಷ್ಟ ಆದ ವಿಷಯ ಬೇರೆ. ಬಾಕು, ದುಶಾಂಬೆ, ಜೆಡ್ಡಾ, ಈ ಮೂರೂ ಕಡೆ ಕಂಬ ನಿಲ್ಲಿಸಿದ್ದು ಒಂದೇ ಕಂಪನಿ, ಟ್ರೈಡೆಂಟ್ ಸಪೋರ್ಟ್ ಅಂತ, ಅಮೆರಿಕದ್ದು. ನಮ್ಮ ಕಡೆ ಎಲೆಕ್ಷನ್ ಟೈಮಲ್ಲಿ ಎರಡೂ ಪಾರ್ಟಿಗೆ ಫ್ಲೆಕ್ಸ್ ಹೊಡೆಯೋ ಅಂಗಡಿ ಒಂದೇ ಇರುತ್ತಲ್ಲ, ಬೆಳಗ್ಗೆ ಇವರ ಆರ್ಡರ್ ತಗೊಂಡು ಸಂಜೆ ಅವರ ಕಿವಿಗೆ, ಅಣ್ಣಾ ಅವರದ್ದು ಇಪ್ಪತ್ತಡಿ ಅಂತೆ ಅಂತ ಊದೋದು, ಅದೇ ಥರ. ಅವರು ಊದಿದ್ರು ಅಂತ ನಾನು ಹೇಳ್ತಿಲ್ಲ, ಆದ್ರೆ ದೇಶಭಕ್ತಿ ಮೂರು ದೇಶದ್ದು, ಇನ್‌ವಾಯ್ಸ್ ಮಾತ್ರ ಒಂದೇ ಅಡ್ರೆಸ್ಸಿಂದ.

ಇನ್ನು ಸರ್ಟಿಫಿಕೇಟ್ ಕೊಡೋ ಗಿನ್ನೆಸ್ ಕಥೆ ಕೇಳಿ. ಅದೇನು ವಿಶ್ವಸಂಸ್ಥೆ ಅಂದ್ಕೊಂಡಿದ್ದೀರಾ? ಐರ್ಲೆಂಡಿನ ಬಿಯರ್ ಕಂಪನಿಯೊಂದು ಹುಟ್ಟುಹಾಕಿದ್ದು ಅದು. 1951ರಲ್ಲಿ ಆ ಕಂಪನಿಯ ಸಾಹೇಬರು ಹ್ಯೂ ಬೀವರ್ ಅನ್ನೋರು ಬೇಟೆಗೆ ಹೋಗಿ, ಒಂದು ಹಕ್ಕಿಗೆ ಗುಂಡು ಹೊಡೆದು, ಗುರಿ ತಪ್ಪಿ, ಯೂರೋಪಿನಲ್ಲಿ ಎಲ್ಲಕ್ಕಿಂತ ಜೋರಾಗಿ ಹಾರೋ ಬೇಟೆ ಹಕ್ಕಿ ಯಾವುದು ಅಂತ ಜೊತೆಗಿದ್ದವರ ಹತ್ರ ಜಗಳಕ್ಕೆ ಬಿದ್ರು. ಯಾವ ಪುಸ್ತಕದಲ್ಲೂ ಉತ್ತರ ಸಿಗಲಿಲ್ಲ. ಹಂಗಿದ್ರೆ ಬಾರ್‌ನಲ್ಲಿ ಕೂತು ಹಿಂಗೇ ವಾದ ಮಾಡೋರಿಗೆ ಒಂದು ಪುಸ್ತಕ ಮಾಡೋಣ ಅಂತ 1955ರಲ್ಲಿ ತಂದಿದ್ದು ಇದು. ಕುಡುಕರ ಜಗಳ ಬಿಡಿಸೋಕೆ ಹುಟ್ಟಿದ ಪುಸ್ತಕದಲ್ಲಿ ಹೆಸರು ಬರಲಿ ಅಂತ ಈಗ ಸರ್ಕಾರಗಳು ಟೆಂಡರ್ ಕರೀತಾವೆ. ಅದರಲ್ಲೂ ರೂಲ್ಸ್ ನೋಡಿ, ಯಾವ ಆಸರೆಯೂ ಇಲ್ಲದೆ ನಿಂತಿರೋ ಕಂಬಕ್ಕೆ ಮಾತ್ರ ಈ ರೆಕಾರ್ಡು. ಉತ್ತರ ಕೊರಿಯಾದ್ದು ಮೊಬೈಲ್ ಟವರಿನಂಥ ಕಬ್ಬಿಣದ ಜಾಲರಿ, ಹಂಗಾಗಿ ಅದು ಲೆಕ್ಕಕ್ಕೇ ಬರಲ್ಲ. ಅಷ್ಟು ಉರ್ಕೊಂಡು ಕಟ್ಟಿದ್ದಕ್ಕೆ ಕೆಟಗರೀನೇ ಬೇರೆ ಅಂದ್ರೆ ಹೆಂಗಾಗಬೇಡ.

ನಾವೇನು ಸುಮ್ನೆ ಕೂತಿದ್ವಾ? 2017ರ ಮಾರ್ಚಲ್ಲಿ ಅಟ್ಟಾರಿ ಗಡೀಲಿ ನಮ್ಮವರು 360 ಅಡಿ ಕಂಬ ನಿಲ್ಲಿಸಿದ್ರು. ಪಾಕಿಸ್ತಾನದವರು ಅದರ ತುದೀಲಿ ಕ್ಯಾಮೆರಾ ಇಟ್ಟು ನಮ್ಮನ್ನ ನೋಡ್ತಾರೆ ಅಂತ ತಕರಾರು ತೆಗೆದು, ಆಗಸ್ಟ್ ಹೊತ್ತಿಗೆ ವಾಘಾದಲ್ಲಿ ತಾವೇ 400 ಅಡಿ ಮಾಡಿದ್ರು. 2018ರಲ್ಲಿ ಬೆಳಗಾವಿ ಕೋಟೆ ಕೆರೆ ಪಕ್ಕ 110 ಮೀಟರಿನ ಕಂಬ ಎದ್ದಿತು. 2022ರ ಸ್ವಾತಂತ್ರ್ಯ ದಿನಕ್ಕೆ ಹೊಸಪೇಟೆಯ ಪುನೀತ್ ರಾಜ್‌ಕುಮಾರ್ ಸ್ಟೇಡಿಯಮ್ಮಿನಲ್ಲಿ ಎದ್ದಿದ್ದು 405 ಅಡಿ. ವಾಘಾಗಿಂತ ಐದಡಿ ಜಾಸ್ತಿ ಗುರು! ಗಡಿ ಎಲ್ಲಿ, ತುಂಗಭದ್ರಾ ಡ್ಯಾಮ್ ಎಲ್ಲಿ, ಆದ್ರೂ ಲೆಕ್ಕ ಚುಕ್ತಾ. ಒಂದು ವರ್ಷ ದೇಶಕ್ಕೇ ಎತ್ತರ ಅಂತ ಹೊಸಪೇಟೆಯವರು ಮೆರೆದ್ರು, 2023ರ ಅಕ್ಟೋಬರಲ್ಲಿ ಅಟ್ಟಾರಿಯಲ್ಲೇ 418 ಅಡಿ ಬಂತು. ಪಕ್ಕದಲ್ಲಿರೋ ಹಂಪಿಯ ಕಲ್ಲಿನ ರಥ ಮಾತ್ರ ಐನೂರು ವರ್ಷದಿಂದ ಯಾರ ಜೊತೆಗೂ ಪೈಪೋಟಿಗೆ ಹೋಗದೆ ನಿಂತಿದೆ, ಅದು ಬೇರೆ ವಿಷಯ.

ಕಂಬದ ಎತ್ತರ ಎಲ್ಲರೂ ಹೇಳ್ತಾರೆ, ಬಟ್ಟೆ ಪಾಡು ಯಾರೂ ಹೇಳಲ್ಲ. 2017ರ ಅಟ್ಟಾರಿ ಧ್ವಜದ ಅಳತೆ 120 ಅಡಿಗೆ 80 ಅಡಿ, ಅಂದ್ರೆ 9,600 ಚದರಡಿ, ಬೆಂಗಳೂರು ಭಾಷೇಲಿ ಹೇಳಬೇಕಂದ್ರೆ ಎಂಟು ಥರ್ಟಿ ಫಾರ್ಟಿ ಸೈಟು. ಎಂಟು ಸೈಟಿನಷ್ಟು ಬಟ್ಟೆ ನೂರು ಮೀಟರ್ ಮೇಲೆ ಹೋದಾಗ ಏನಾಗುತ್ತೆ? ಮೇಲಕ್ಕೆ ಹೋದಷ್ಟೂ ಗಾಳಿ ಜೋರು, ಗಾಳಿಯ ವೇಗ ಎರಡು ಪಟ್ಟಾದ್ರೆ ಎಳೆತ ನಾಲ್ಕು ಪಟ್ಟು, ತುದಿ ಬಾರುಕೋಲಿನ ಥರ ಬಡಿದು ಬಡಿದು ಹರಿಯುತ್ತೆ. ಅಟ್ಟಾರೀಲಿ ಮೊದಲ ಕೆಲವು ವಾರದಲ್ಲೇ ಮತ್ತೆ ಮತ್ತೆ ಹರಿದು ಬದಲಾಯಿಸಬೇಕಾಯ್ತು. ಸರಿ, ದಪ್ಪ ಬಟ್ಟೆ ಹಾಕೋಣ ಅಂದ್ರೆ ಭಾರ ಜಾಸ್ತಿಯಾಗಿ ಕೊರಿಯಾದ ಜಮಖಾನದ ಕಥೆ.

ಇತ್ತ ಹುಬ್ಬಳ್ಳಿಯ ಬೆಂಗೇರೀಲಿ ಖಾದಿ ಸಂಘದ ಹೆಣ್ಮಕ್ಕಳು ಬಾಗಲಕೋಟೆ ಕಡೆಯಿಂದ ಬರೋ ಕೈಮಗ್ಗದ ಬಟ್ಟೇಲಿ ರಾಷ್ಟ್ರಧ್ವಜ ಹೊಲೀತಾರೆ. ಒಂಬತ್ತೇ ಅಳತೆ, ಎಲ್ಲಕ್ಕಿಂತ ದೊಡ್ಡದು 21 ಅಡಿಗೆ 14 ಅಡಿ. ನೂಲಿನ ಎಳೆ ಲೆಕ್ಕ ಹಾಕಿ, ಬಣ್ಣ ನೋಡಿ, ಚಕ್ರ ಎರಡೂ ಕಡೆ ಒಂದೇ ಜಾಗಕ್ಕೆ ಕೂತಿದೆಯಾ ಅಂತ ನೋಡಿ, ಕೂದಲೆಳೆ ಆಚೀಚೆ ಆದ್ರೂ ಪಕ್ಕಕ್ಕಿಡ್ತಾರೆ. ಅಟ್ಟಾರಿಯ ಒಂದು ಧ್ವಜದ ಜಾಗದಲ್ಲಿ ಇವರ ದೊಡ್ಡ ಧ್ವಜಗಳು ಮೂವತ್ತೆರಡು ಹಿಡಿಸ್ತವೆ. ಆದ್ರೆ ದೈತ್ಯ ಕಂಬಕ್ಕೆ ಖಾದಿ ತಡೆಯಲ್ಲ, ಪಾಲಿಯೆಸ್ಟರೇ ಗತಿ. 2021ರ ಕೊನೇಲಿ ಧ್ವಜಸಂಹಿತೆ ತಿದ್ದಿ ಮಿಷನ್ನಿನಲ್ಲಿ ಮಾಡಿದ್ದು, ಪಾಲಿಯೆಸ್ಟರಿನದ್ದು ಎಲ್ಲಾ ನಡೆಯುತ್ತೆ ಅಂತ ಮಾಡಿದ ಮೇಲಂತೂ ಬೆಂಗೇರಿಯವರ ಆರ್ಡರಿಗೇ ಪೆಟ್ಟು ಬಿತ್ತು. ಇದಕ್ಕೆ ಯಾವ ರೆಕಾರ್ಡೂ ಇಲ್ಲ.

ಹೋದ ವರ್ಷ ಒಂದೂರಿಗೆ ಹೋಗಿದ್ದೆ, ಹೆಸರು ಬೇಡ ಬಿಡಿ, ಅಲ್ಲೂ ಇಂಥದ್ದೇ ಒಂದು ಕಂಬ. ಕತ್ತೆತ್ತಿ ಎತ್ತಿ ಟೋಪಿ ಬಿದ್ದುಹೋಯ್ತು, ತುದೀಲಿ ನೋಡಿದ್ರೆ ಧ್ವಜ ಇಲ್ಲ, ಒಂದು ಹದ್ದು ಕೂತಿದೆ. ಬುಡದಲ್ಲಿ ವಾಚ್‌ಮನ್ ಅಣ್ಣ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಆ ಕಂಬದ ನೆರಳಲ್ಲೇ ಕೂತು ಕಡ್ಲೆಕಾಯಿ ಸುಲೀತಿದ್ದ. ನೆರಳು ಸರಿದಂಗೆ ಕುರ್ಚೀನೂ ಸರಿಸ್ಕೋತಾನೆ, ಒಳ್ಳೇ ಗಡಿಯಾರದ ಮುಳ್ಳಿನ ಥರ.

"ಯಾಕಣ್ಣ, ಧ್ವಜ ಇಲ್ವಲ್ಲ?"

"ಗಾಳಿ ಬಂದ್ರೆ ಹರಿಯುತ್ತೆ ಸಾರ್, ಅದಕ್ಕೇ ಇಳಿಸಿಬಿಡ್ತೀವಿ."

"ಮತ್ತೆ ಗಾಳಿ ಇಲ್ದಾಗ?"

"ಗಾಳಿ ಇಲ್ದಿದ್ರೆ ಹೆಂಗೆ ಹಾರುತ್ತೆ ಸಾರ್?"

ಸ್ವಲ್ಪ ಹೊತ್ತು ಇಬ್ಬರೂ ಹದ್ದು ನೋಡಿದ್ವಿ. ಒಂದು ಹಿಡಿ ಕಡ್ಲೆಕಾಯಿ ನನ್ನ ಕೈಗೆ ಹಾಕಿ, ಹತ್ರ ಬಾಗಿ ಕೇಳಿದ, "ಸಾರ್, ನೀವು ಪೇಪರ್ ಗೀಪರ್ ಓದೋರ ಥರ ಕಾಣ್ತೀರಾ, ಪಕ್ಕದ ಜಿಲ್ಲೆಯೋರು ಎಷ್ಟಡಿದು ಮಾಡ್ಸ್ತಾವ್ರಂತೆ?"