2023ರಲ್ಲಿ ನಾನು ಬರೆದದ್ದೊಂದು, ಊರು ಕೇಳಿದ್ದೊಂದು

ಏಪ್ರಿಲ್‌ನಲ್ಲಿ ಇಲ್ಲೇ ಬರೆದಿದ್ದೆ, ಈ ಸಲ ಅತಂತ್ರ ವಿಧಾನಸಭೆ, ಜೆಡಿಎಸ್ ಯಾರ ಕೈ ಹಿಡಿಯುತ್ತೋ ಅವರೇ ಮುಖ್ಯಮಂತ್ರಿ ಅಂತ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡವರು ಇದ್ದೀರಿ, ಗೊತ್ತು. ಮೇ 13ಕ್ಕೆ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19 ಅಂತ ಬಂದಾಗ ಫೋನನ್ನು ಚಾರ್ಜಿಗೆ ಹಾಕಿ ಸುಮ್ನೆ ತೋಟದ ಕಡೆ ಹೋಗಿಬಿಟ್ಟೆ. ನಮ್ಮ ತಿಪಟೂರಲ್ಲಿ ಆಗಿನ ಬಿಜೆಪಿ ಸರ್ಕಾರದ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ಸೋತಿದ್ದರು. ಪಕ್ಕದ ಚಿಕ್ಕನಾಯಕನಹಳ್ಳಿಯಲ್ಲಿ ಅದೇ ಸರ್ಕಾರದ ಕಾನೂನು ಸಚಿವ ಮಾಧುಸ್ವಾಮಿಯವರೂ ಸೋತಿದ್ದರು. ಮನೆ ಮುಂದಿನ ಗಾಳಿ ಗೊತ್ತಾಗದವನು ಇಡೀ ರಾಜ್ಯಕ್ಕೆ ಕಣಿ ಹೇಳಲು ಕೂತಿದ್ದೆ.

ಅಷ್ಟಾದರೂ ಬುದ್ಧಿ ಬಂತಾ? ಇಲ್ಲ. ಮುಖ್ಯಮಂತ್ರಿ ಸಿದ್ದರಾಮಯ್ಯನೋ ಡಿಕೆಶಿಯೋ, ಇಬ್ಬರ ನಡುವೆ ಎರಡೂವರೆ ವರ್ಷಕ್ಕೊಬ್ಬರು ಅನ್ನುವ ಒಪ್ಪಂದ ಇದೆಯೋ ಇಲ್ಲವೋ, ಬಿಜೆಪಿಯ ಶೆಟ್ಟರ್ ಕಾಂಗ್ರೆಸ್ಸಿಗೆ ಹೋಗಿ ಏನು ಸಾಧಿಸಿದರು, ಬರೀ ಇದನ್ನೇ ಬರೆದೆ. ಲೈಕೂ ಬಂತು. ಆದರೆ ಪ್ರತಿ ಪೋಸ್ಟಿನ ಕೆಳಗೂ ಯಾರೋ ಒಬ್ಬರು, "ಅಣ್ಣಾ, ಅದಿರಲಿ, ಕೊಬ್ಬರಿ ಬಗ್ಗೆ ಬರಿ" ಅನ್ನುತ್ತಿದ್ದರು. ಅದಕ್ಕೊಂದು ಹಾರ್ಟ್ ಒತ್ತಿ ಮುಂದೆ ಹೋಗುತ್ತಿದ್ದೆ.

ಮೊದಲು ಒಂದು ತಪ್ಪೊಪ್ಪಿಗೆ. ಫ್ರೀ ಬಸ್ಸನ್ನು ನಾನೂ ಆಡಿಕೊಂಡವನೇ. ಜೂನ್ 11ಕ್ಕೆ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಮಾಡುವ ಶಕ್ತಿ ಯೋಜನೆ ಶುರುವಾಯಿತು. ಮುಂದಿನ ತಿಂಗಳು ಅಮ್ಮ, ಅತ್ತೆ, ಪಕ್ಕದ ಮನೆ ದೊಡ್ಡಮ್ಮ ಮೂರೂ ಜನ ಆಧಾರ್ ಕಾರ್ಡ್ ಹಿಡಿದು ಧರ್ಮಸ್ಥಳಕ್ಕೆ ಹೊರಟರು. ವಾಪಸ್ ಬಂದ ಅಮ್ಮ ಪರ್ಸಿನಿಂದ ಶೂನ್ಯ ಟಿಕೆಟ್ಟುಗಳನ್ನು ತೆಗೆದು ಮಡಿಕೆ ಬಿಡಿಸಿ ತೋರಿಸಿದಳು. ಒಂದನ್ನೂ ಬಿಸಾಕಿರಲಿಲ್ಲ. "ಈ ಸಲ ನಿಮ್ಮಪ್ಪನ್ನ ಒಂದ್ ರೂಪಾಯಿ ಕೇಳ್ಲಿಲ್ಲ ನೋಡು" ಅಂದಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಬಿಟ್ಟಿ ಭಾಗ್ಯ ಅನ್ನುವ ಪದವನ್ನು ಆಮೇಲೆ ನಾನು ಬಳಸಿಲ್ಲ. ಆದರೆ ಜನ ಜಾಸ್ತಿಯಾದಷ್ಟು ಬಸ್ ಜಾಸ್ತಿಯಾಗಲಿಲ್ಲ. ಬೆಳಗ್ಗೆ ಕಾಲೇಜು ಹುಡುಗರು ಫುಟ್‌ಬೋರ್ಡಿನಲ್ಲಿ ನೇತಾಡುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತೆ.

ಮನೆ ಯಜಮಾನಿಗೆ ತಿಂಗಳಿಗೆ ಕೊಡುವ ಗೃಹಲಕ್ಷ್ಮಿಯ 2000 ಮಾತ್ರ ನಮ್ಮ ಮನೆಗೆ ಇನ್ನೂ ಬಂದಿಲ್ಲ. ರೇಷನ್ ಕಾರ್ಡಿನಲ್ಲಿ ಯಜಮಾನಿ ಇವತ್ತಿಗೂ ನಮ್ಮಜ್ಜಿ, ಅಜ್ಜಿ ಹೋಗಿ ಮೂರು ವರ್ಷವಾಯಿತು. ಹೆಸರು ಬದಲಾಯಿಸಲು ಹೋದಾಗಲೆಲ್ಲ ಸರ್ವರ್ ಇಲ್ಲ ಅನ್ನುವ ಉತ್ತರ. ಅಕ್ಕಿಯದ್ದು ಇನ್ನೊಂದು ಕಥೆ. ಕೈಯಲ್ಲಿ ಅಕ್ಕಿ ಇಲ್ಲದೆ ರಾಜ್ಯ 10 ಕೆಜಿ ಮಾತು ಕೊಟ್ಟಿತು. ದುಡ್ಡು ಕೊಡ್ತೀವಿ ಅಂದರೂ ಕೇಂದ್ರ ಮಾರಲಿಲ್ಲ. ಕೊನೆಗೆ ಹೆಚ್ಚುವರಿ 5 ಕೆಜಿಯ ಬದಲು ಕೆಜಿಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಬಂತು. ನನ್ನ ಪ್ರಕಾರ ಇಬ್ಬರದ್ದೂ ತಪ್ಪೇ, ಆದರೆ ಗೋದಾಮಿನಲ್ಲಿ ಅಕ್ಕಿ ಇಟ್ಟುಕೊಂಡು ಇಲ್ಲ ಅಂದದ್ದು ಜಾಸ್ತಿ ಸಣ್ಣತನ.

ಇದನ್ನೆಲ್ಲ ಸದನದಲ್ಲಿ ಗಟ್ಟಿಯಾಗಿ ಕೇಳಬೇಕಾದವರು ಎಲ್ಲಿದ್ದರು? ಬಿಜೆಪಿಗೆ ವಿರೋಧ ಪಕ್ಷದ ನಾಯಕ ಸಿಕ್ಕಿದ್ದು ನವೆಂಬರ್ 17ಕ್ಕೆ, ಫಲಿತಾಂಶ ಬಂದು ಆರು ತಿಂಗಳ ಮೇಲೆ. ಅಷ್ಟರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕಿನಲ್ಲಿ 223 ಬರದ ಪಟ್ಟಿ ಸೇರಿದ್ದವು. ಕಾವೇರಿಗಾಗಿ ಸೆಪ್ಟೆಂಬರ್‌ನಲ್ಲಿ ಒಂದೇ ವಾರ ಎರಡು ಬಂದ್ ಆದವು. ಅದೇ ತಿಂಗಳು ಜೆಡಿಎಸ್ ಹೋಗಿ ಬಿಜೆಪಿ ಕೈ ಹಿಡಿಯಿತು. ಮತದಾನದ ದಿನ ಬಿಜೆಪಿ ಹುಡುಗರ ಕಾಲರ್ ಹಿಡಿದಿದ್ದ ನಮ್ಮೂರ ಜೆಡಿಎಸ್ ಮಾವ ಒಬ್ಬರು ಎರಡು ವಾರ ಟೀ ಅಂಗಡಿ ಕಡೆ ತಲೆ ಹಾಕಲಿಲ್ಲ, ಪಾಪ.

ಈಗ ಕೊಬ್ಬರಿ. ತಿಪಟೂರಿನವರಿಗೆ ಇದು ಹೊಸದಲ್ಲ, ಬೇರೆ ಕಡೆಯವರಿಗಾಗಿ ಹೇಳ್ತೀನಿ. ಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಆಮೇಲೆ ಸುಲಿದು, ಕರಟ ಒಡೆದು, ಉಂಡೆ ಒಡಕಾಗದ ಹಾಗೆ ತೆಗೆಯಬೇಕು. 2021ರಲ್ಲಿ ಕ್ವಿಂಟಲ್‌ಗೆ 17 ಸಾವಿರ ಕಂಡಿದ್ದ ಕೊಬ್ಬರಿ 2023ರಲ್ಲಿ 8 ಸಾವಿರದ ಆಸುಪಾಸಿಗೆ ಬಿತ್ತು. ಬೆಂಬಲ ಬೆಲೆ 11,750 ಇತ್ತು, ಕೇಂದ್ರದ ಪರವಾಗಿ ಖರೀದಿ ಮಾಡುವ ನಾಫೆಡ್ ಕೊಂಡುಕೊಂಡಿತು, ರಾಜ್ಯ ಮೇಲೆ 1250 ಕೊಡ್ತೀವಿ ಅಂತು. ಆದರೆ ಖರೀದಿ ಕೇಂದ್ರ ಮುಚ್ಚಿದ ಮೇಲೆ ಅಟ್ಟದಲ್ಲಿ ಉಳಿದ ಕಾಯಿಗೆ ಮಂಡಿಯವರು ಹೇಳಿದ್ದೇ ರೇಟು. ಬೊಮ್ಮಾಯಿ ಕಾಲದಲ್ಲಿ ಕಾಂಗ್ರೆಸ್ಸಿನವರು ಬೈದರು, ಈಗ ಬಿಜೆಪಿಯವರು ಬೈತಾರೆ. ಮನೆ ಖರ್ಚಿಗೆ ಕೊಡಲು ಇಷ್ಟೊಂದು ಪೈಪೋಟಿ ಮಾಡುವವರು ನಾವು ಬೆಳೆದದ್ದರ ಬೆಲೆಯ ಮಾತು ಬಂದಾಗ ಬೆಂಗಳೂರಿನವರು ದೆಹಲಿ ಕಡೆ, ದೆಹಲಿಯವರು ಬೆಂಗಳೂರಿನ ಕಡೆ ಬೆರಳು ತೋರಿಸ್ತಾರೆ. ಇದನ್ನು ವರ್ಷಪೂರ್ತಿ ಬರೆಯಬೇಕಿತ್ತು. ಬರೆಯಲಿಲ್ಲ.

2023ರ ಡಿಸೆಂಬರ್ 27ಕ್ಕೆ ಕೇಂದ್ರ 2024ರ ಬೆಂಬಲ ಬೆಲೆ 12 ಸಾವಿರ ಅಂತ ಘೋಷಿಸಿತು. 250 ರೂಪಾಯಿ ಏರಿಕೆ. ಅಪ್ಪನಿಗೆ ಓದಿ ಹೇಳಿದೆ. "ಖರೀದಿ ಯಾವತ್ತಿಂದಂತೆ?" ಅಂದರು. ಅದು ಇನ್ನೂ ಹೇಳಿಲ್ಲ ಅಂದೆ. ಏಣಿ ಹಾಕಿ ಅಟ್ಟ ಹತ್ತಿದರು, ಎರಡು ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು, ಮತ್ತೆ ಅಲ್ಲೇ ಇಟ್ಟು ಇಳಿದರು.