ಜಾಣರ ಮೇಲೊಂದು ಸಣ್ಣ ಸಿಟ್ಟು

ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವರ ಜೇಬಿನಿಂದ ಪರ್ಸ್ ಜಾರಿ ಬಿತ್ತು. ಬಗ್ಗಿ ಎತ್ತಿ ಅವರ ಕೈಗೆ ಕೊಟ್ಟೆ. ಅವರು ಥ್ಯಾಂಕ್ಸ್ ಹೇಳಿದರು. ಅಲ್ಲಿಗೆ ಮುಗಿಯಬೇಕಾಗಿದ್ದ ಸಂಗತಿ. ಆದರೆ ಹಿಂದೆ ನಿಂತಿದ್ದ ಮಹಾನುಭಾವರೊಬ್ಬರು ಮೆಚ್ಚುಗೆಯ ದನಿಯಲ್ಲೇ ಮೆಲ್ಲಗೆ ಹೇಳಿದರು: "ಕೊಟ್ಟಿದ್ದು ಒಳ್ಳೇದಾಯ್ತು ಬಿಡಿ. ಮೇಲೆ ಕ್ಯಾಮೆರಾ ಇದೆ ಅಲ್ವಾ?"

ತಲೆ ಎತ್ತಿ ನೋಡಿದೆ. ಇತ್ತು.

ಅಲ್ಲಿಯವರೆಗೆ ನಾನು ಒಳ್ಳೆಯವನಾಗಿದ್ದೆ. ಆ ಕ್ಷಣದಿಂದ ಬರೀ ಜಾಣನಾದೆ. ಅವರ ಲೆಕ್ಕದಲ್ಲಿ ಅದು ಬಡ್ತಿ. ನನಗೆ ಮಾತ್ರ ಏನನ್ನೋ ಕಿತ್ತುಕೊಂಡ ಹಾಗಾಯಿತು. ವಾದ ಮಾಡುವ ಹಾಗೂ ಇಲ್ಲ. "ನಾನು ಕ್ಯಾಮೆರಾ ನೋಡಿರಲಿಲ್ಲ ಸ್ವಾಮಿ" ಅಂದರೆ, "ಹೌದಾ, ಹಾಗಾದ್ರೆ ನಿಮ್ಮ ಅದೃಷ್ಟ" ಅನ್ನುವ ಮುಖ ಅದು.

ಈ ತಕರಾರು ಹಳೆಯದು. ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರಲ್ಲೇ ಒಬ್ಬ ಅಂಗಡಿಯವನನ್ನು ಎಳೆದು ತಂದು ನಿಲ್ಲಿಸಿದ. ಈ ಅಂಗಡಿಯವ ಯಾರಿಗೂ ಮೋಸ ಮಾಡುವುದಿಲ್ಲ. ಚಿಕ್ಕ ಮಗು ಬಂದರೂ ಅದೇ ಬೆಲೆ. ಆದರೆ ಯಾಕೆ? ಪ್ರಾಮಾಣಿಕನಾಗಿರಬೇಕು ಅಂತಲೋ, ಹೆಸರು ಕೆಟ್ಟರೆ ಗಿರಾಕಿ ತಪ್ಪುತ್ತಾರೆ ಅಂತಲೋ? ಲಾಭಕ್ಕಾಗಿ ಮಾಡಿದ್ದಾದರೆ ಕೆಲಸ ಸರಿ, ಆದರೆ ಅದಕ್ಕೆ ನೈತಿಕವಾದ ಬೆಲೆ ಇಲ್ಲ ಅಂದ ಕಾಂಟ್. ಪಾಪ, ಸರಿಯಾದ ಬೆಲೆಗೆ ಸಾಮಾನು ಕೊಟ್ಟೂ ಆ ಅಂಗಡಿಯವ ಇನ್ನೂ ಕಟಕಟೆಯಲ್ಲೇ ಇದ್ದಾನೆ. ಕಾಂಟ್‌ಗಾದರೂ ಬರೀ ಜಾಣತನ ಕಡಿಮೆ ಅನ್ನಿಸಿತ್ತು. ನನ್ನ ಹಿಂದಿನವರಿಗೆ ಅದಕ್ಕಿಂತ ದೊಡ್ಡದು ಇದೆ ಅನ್ನುವುದೇ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಹಾಗಾದರೆ ಜಾಣತನ ಎಲ್ಲಿ ಮುಗಿದು ಒಳ್ಳೆಯತನ ಎಲ್ಲಿ ಶುರುವಾಗುತ್ತದೆ? ಅದನ್ನು ಹೇಳೋಣ ಅಂತಲೇ ಬರೆಯಲು ಕೂತೆ. ಅದಕ್ಕೆ ಮುಂಚೆ ಥೇಲ್ಸ್‌ನ ಕಥೆ ಹೇಳಿ ಮುಗಿಸಿಬಿಡುತ್ತೇನೆ. ಚಿಕ್ಕದೇ.

ಥೇಲ್ಸ್ ಸುಮಾರು 2600 ವರ್ಷದ ಹಿಂದಿನವನು, ಮಿಲೇಟಸ್ ಅನ್ನುವ ಗ್ರೀಕ್ ಊರಿನ ತತ್ವಜ್ಞಾನಿ. ನಕ್ಷತ್ರ ನೋಡುತ್ತಾ ಬಾವಿಗೆ ಬಿದ್ದ. ಅದನ್ನು ಕಂಡು ಥ್ರೇಸ್ ಕಡೆಯ ಕೆಲಸದ ಹುಡುಗಿಯೊಬ್ಬಳು ಗೇಲಿ ಮಾಡಿದಳು. ಆಕಾಶದಲ್ಲಿ ಏನಿದೆ ಅಂತ ತಿಳಿಯೋಕೆ ಹೊರಟವನಿಗೆ ಕಾಲ ಬುಡದಲ್ಲಿ ಏನಿದೆ ಅಂತ ಕಾಣಲಿಲ್ಲವಲ್ಲ ಅಂದಳು. ಇದನ್ನು ಬರೆದಿಟ್ಟವನು ಪ್ಲೇಟೋ. ಹುಡುಗಿ ಮಾತಿನಲ್ಲಿ ಚುರುಕು ಅಂತಲೂ ಬರೆದ. ಆದರೆ ಬಾವಿಯಿಂದ ಥೇಲ್ಸ್‌ನನ್ನು ಎತ್ತಿದವರು ಯಾರು ಅಂತ ಬರೆಯಲಿಲ್ಲ.

ನನಗೆ ಬೇಕಾಗಿದ್ದು ಆ ಒಂದು ಸಾಲು. ಅವಳು ಹಗ್ಗ ಬಿಟ್ಟಳಾ? ಬಿಡುವ ಮುಂಚೆ, ಇವನ ಭಾರಕ್ಕೆ ನಾನೂ ಒಳಗೆ ಹೋದರೆ ಏನು ಗತಿ ಅಂತ ಯೋಚಿಸಿದಳಾ? ಯೋಚಿಸಿ ನಾಲ್ಕು ಜನರನ್ನು ಕರೆಯೋಕೆ ಓಡಿದ್ದರೆ ಅದು ಹೇಡಿತನವಾ, ವಿವೇಕವಾ? ಹಿಂದೆ ಮುಂದೆ ನೋಡದೆ ಧುಮುಕಿದ್ದರೆ ಅದು ಧೈರ್ಯವಾ, ಹುಚ್ಚಾ? ಇಷ್ಟು ಗೊತ್ತಾಗಿದ್ದರೆ ಆಮೇಲೆ ಬಂದವರಿಗೆ ಎಷ್ಟೋ ಕಾಗದ ಉಳಿಯುತ್ತಿತ್ತು. ಆದರೆ ಕಥೆಯಲ್ಲಿ ಉಳಿದಿದ್ದು ಅವಳ ನಗು ಒಂದೇ.

ಕಥೆ ಇಲ್ಲಿಗೆ ಮುಗಿದಿಲ್ಲ. ಅರಿಸ್ಟಾಟಲ್ ಬಂದು, ಥೇಲ್ಸ್‌ನಂಥವರನ್ನು ಜನ ಜ್ಞಾನಿಗಳು ಅನ್ನುತ್ತಾರೆ, ವಿವೇಕಿಗಳು ಅನ್ನುವುದಿಲ್ಲ ಅಂದ. ತಮಗೆ ಯಾವುದರಿಂದ ಒಳ್ಳೆಯದಾಗುತ್ತದೆ ಅನ್ನುವುದೇ ಅವರಿಗೆ ಗೊತ್ತಿಲ್ಲವಂತೆ. ಇನ್ನೊಂದು ಪುಸ್ತಕದಲ್ಲಿ ಅದೇ ಅರಿಸ್ಟಾಟಲ್ ಇದಕ್ಕೆ ಪೂರ್ತಿ ಉಲ್ಟಾ ಕಥೆ ಹೇಳುತ್ತಾನೆ. ನಿನ್ನ ತತ್ವಜ್ಞಾನದಿಂದ ನಾಲ್ಕು ಕಾಸು ಹುಟ್ಟಲಿಲ್ಲ ಅಂತ ಜನ ಥೇಲ್ಸ್‌ನನ್ನು ಚುಚ್ಚುತ್ತಿದ್ದರು. ಅವನು ಚಳಿಗಾಲದಲ್ಲೇ ನಕ್ಷತ್ರ ಲೆಕ್ಕ ಹಾಕಿ, ಮುಂದಿನ ಆಲಿವ್ ಬೆಳೆ ಚೆನ್ನಾಗಿ ಬರುತ್ತದೆ ಅಂತ ತಿಳಿದುಕೊಂಡ. ಮಿಲೇಟಸ್ ಮತ್ತು ಕಿಯೋಸ್‌ನಲ್ಲಿದ್ದ ಎಣ್ಣೆ ಗಾಣಗಳಿಗೆಲ್ಲ ಮುಂಗಡ ಕೊಟ್ಟು ಹಿಡಿದುಕೊಂಡ. ಆಗ ಯಾರೂ ಕೇಳುವವರಿರಲಿಲ್ಲ, ಅಗ್ಗಕ್ಕೆ ಸಿಕ್ಕಿತು. ಸುಗ್ಗಿ ಬಂದಾಗ ಎಲ್ಲರಿಗೂ ಒಟ್ಟಿಗೇ ಗಾಣ ಬೇಕಾಯಿತು. ತನಗೆ ಬೇಕಾದ ಬಾಡಿಗೆಗೆ ಕೊಟ್ಟು ರಾಶಿ ಹಣ ಮಾಡಿದ.

ತತ್ವಜ್ಞಾನಿಗಳು ಮನಸ್ಸು ಮಾಡಿದರೆ ಶ್ರೀಮಂತರಾಗಬಲ್ಲರು, ಅವರಿಗೆ ಅದು ಬೇಕಾಗಿಲ್ಲ ಅಷ್ಟೇ. ಇದು ಕಥೆಯ ನೀತಿಯಂತೆ. ಇದನ್ನು ಹೇಳುವವರ ಮುಖದಲ್ಲಿ ಒಂದು ಹೆಮ್ಮೆ ಇರುತ್ತದೆ, ನನಗೆ ಮೈ ಉರಿಯುತ್ತದೆ. ಆಲಿವ್ ಕಾಯಿ ಕಿತ್ತ ಮೇಲೆ ಬಹಳ ದಿನ ಇಡೋಕಾಗುವುದಿಲ್ಲ, ಎಣ್ಣೆ ಕೆಡುತ್ತದೆ. ಬುಟ್ಟಿ ತುಂಬಿಕೊಂಡು ಬಂದ ರೈತ ಏನು ಮಾಡಬೇಕು? ಇದ್ದಬದ್ದ ಗಾಣವೆಲ್ಲ ಒಬ್ಬನ ಕೈಯಲ್ಲಿ. ಕೇಳಿದಷ್ಟು ಕೊಟ್ಟ, ಇನ್ನೇನು ಮಾಡಿಯಾನು. ಚುಚ್ಚಿದವರು ಯಾರೋ, ತೆತ್ತವರು ಯಾರೋ. ಒಬ್ಬನೇ ಎಲ್ಲವನ್ನೂ ಹಿಡಿದಿಟ್ಟು ಮಾರುವ ಉಪಾಯ ಇದು ಅಂತ ಅರಿಸ್ಟಾಟಲ್ ಕೂಡ ಒಪ್ಪುತ್ತಾನೆ, ಆದರೆ ರೈತನ ಸುದ್ದಿಗೆ ಹೋಗುವುದಿಲ್ಲ. ಬಾವಿಗೆ ಬಿದ್ದ ಥೇಲ್ಸ್‌ನಿಂದ ಯಾರಿಗೂ ನಷ್ಟವಾಗಿರಲಿಲ್ಲ. ಬುದ್ಧಿ ಬಂದ ಥೇಲ್ಸ್‌ನಿಂದ ಎರಡು ಊರಿಗೆ ಹೊರೆಯಾಯಿತು.

ಚಿಕ್ಕದೇ ಅಂದಿದ್ದೆ. ಇರಲಿ.

ನಿಜ ಹೇಳಬೇಕೆಂದರೆ ಅರಿಸ್ಟಾಟಲ್ ವಿವೇಕ ಅಂದಿದ್ದು ಇದನ್ನಲ್ಲ. ಅಂದುಕೊಂಡಿದ್ದನ್ನು ಸಾಧಿಸುವ ಚಾಲಾಕಿತನ ಬೇರೆ, ಅದು ಕಳ್ಳನಲ್ಲೂ ಇರುತ್ತದೆ. ಗುರಿ ಒಳ್ಳೆಯದಾಗಿದ್ದು, ದಾರಿಯೂ ಗೊತ್ತಿದ್ದರೆ ವಿವೇಕ. ಹುಡುಗರು ಗಣಿತದಲ್ಲಿ ಪಂಡಿತರಾಗಬಹುದು, ವಿವೇಕಿಗಳಾಗಲಾರರು, ಅದಕ್ಕೆ ಅನುಭವ ಬೇಕು ಅಂತಲೂ ಹೇಳಿದ. ಮುಂದೆ ಯೂರೋಪಿನವರು ನಾಲ್ಕು ಮುಖ್ಯ ಸದ್ಗುಣಗಳ ಪಟ್ಟಿಯಲ್ಲಿ ಇದನ್ನು ಮೊದಲು ಬರೆದರು. ಚಿತ್ರಕಾರರು ವಿವೇಕಕ್ಕೆ ಮನುಷ್ಯರೂಪ ಕೊಟ್ಟು ಅದರ ಕೈಗೆ ಕನ್ನಡಿ ಕೊಟ್ಟರು, ಹಾವು ಕೊಟ್ಟರು. ಇಟಲಿಯ ಟಿಷಿಯನ್ ಮೂರು ಮುಖವನ್ನೇ ಕೊಟ್ಟ: ಮುದುಕ, ನಡುವಯಸ್ಸಿನವ, ಹುಡುಗ. ಅವರಲ್ಲಿ ಒಬ್ಬನೂ ನಗುತ್ತಿಲ್ಲ.

ನಗದ ಮುಖ ಅಂದಾಗ ಆಡಂ ಸ್ಮಿತ್ ನೆನಪಾಗುತ್ತಾನೆ. ಅರ್ಥಶಾಸ್ತ್ರದ ಸ್ಮಿತ್‌ನೇ. ನೀತಿಯ ಬಗ್ಗೆ 1759ರಲ್ಲಿ ಬರೆದಿದ್ದ ಪುಸ್ತಕಕ್ಕೆ, ತಾನು ತೀರಿಕೊಂಡ ವರ್ಷವಾದ 1790ರಲ್ಲಿ ಒಂದು ಹೊಸ ಭಾಗ ಸೇರಿಸಿದ. ಅದರಲ್ಲಿ ವಿವೇಕಿ ಮನುಷ್ಯನ ವರ್ಣನೆ ಬರುತ್ತದೆ. ಅವನು ಸುಳ್ಳು ಹೇಳುವುದಿಲ್ಲ, ಆದರೆ ಯಾರೂ ಕೇಳದೆ ಪೂರ್ತಿ ಸತ್ಯವನ್ನೂ ಹೇಳುವುದಿಲ್ಲ. ಸ್ನೇಹ ಮಾಡುತ್ತಾನೆ, ಬಿಸಿಯಾಗಿ ಅಲ್ಲ. ತನ್ನದಲ್ಲದ ಜವಾಬ್ದಾರಿಗೆ ಹೆಗಲು ಕೊಡುವುದಿಲ್ಲ. ಇಂಥವನಿಗೆ ಜನರಿಂದ ಒಂದು ಬಗೆಯ ತಣ್ಣಗಿನ ಗೌರವ ಸಿಗುತ್ತದೆ, ಪ್ರೀತಿ ಸಿಗುವುದು ಕಷ್ಟ ಅನ್ನುತ್ತಾನೆ ಸ್ಮಿತ್. ಓದಿದಾಗ ಬೆಚ್ಚಿಬಿದ್ದೆ. ಈ ಮನುಷ್ಯ ನನ್ನ ಪರಿಚಯದವರೇ!

ಸಾಲ ಮಾಡಿಲ್ಲ, ಕೊಟ್ಟಿಲ್ಲ. ಯಾರಿಗಾದರೂ ಅನ್ಯಾಯವಾದಾಗ ನೀವೇನು ಹೇಳ್ತೀರಿ ಅಂತ ಕೇಳಿದರೆ "ಎರಡೂ ಕಡೆ ಕೇಳಬೇಕು" ಅನ್ನುತ್ತಾರೆ. ಎರಡೂ ಕಡೆ ಕೇಳಿದ ಮೇಲೂ ಅದನ್ನೇ ಅನ್ನುತ್ತಾರೆ. ಯಾರಾದರೂ ಕೈ ಸುಟ್ಟುಕೊಂಡರೆ "ನಾನು ಆವತ್ತೇ ಅಂದ್ಕೊಂಡೆ" ಅನ್ನುತ್ತಾರೆ. ಅಂದುಕೊಂಡಿದ್ದನ್ನು ಆವತ್ತೇ ಹೇಳಬಾರದಿತ್ತಾ? ಹೇಳಿದ್ದರೆ ಹೊಣೆ ಬರುತ್ತಿತ್ತಲ್ಲ! ಕೊನೆಗೆ ಅವರು ಅಂದುಕೊಂಡಿದ್ದೇ ಸರಿಯಾಗುವುದು ನನಗೆ ಇನ್ನೂ ಸಿಟ್ಟು ತರಿಸುತ್ತದೆ. ದೊಡ್ಡ ಕಾಗದ ಪತ್ರಕ್ಕೆ ಸಹಿ ಹಾಕುವ ಮುಂಚೆ ಎಲ್ಲರೂ ಓಡುವುದು ಅವರ ಮನೆಗೇ. ನಾನೂ ಹೋಗುತ್ತೇನೆ, ಸುಮ್ನೆ ಯಾಕೆ ಸುಳ್ಳು ಹೇಳಲಿ.

ಇಷ್ಟಾದರೂ ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ. ನನ್ನ ಸಮಾಧಾನಕ್ಕೆ ಇಂಗ್ಲೆಂಡಿನ ತತ್ವಜ್ಞಾನಿ ಹೆನ್ರಿ ಸಿಜ್‌ವಿಕ್ ಇದ್ದಾನೆ. ಕೇಂಬ್ರಿಡ್ಜ್‌ನ ಕಾಲೇಜಿನಲ್ಲಿ ಹುದ್ದೆ ಉಳಿಯಬೇಕಾದರೆ ಇಂಗ್ಲೆಂಡಿನ ಚರ್ಚಿನ ನಂಬಿಕೆಗಳನ್ನು ಹೇಳುವ 39 ಸೂತ್ರಗಳನ್ನು ಒಪ್ಪಬೇಕಿತ್ತು. ಮನಸ್ಸಿನಲ್ಲಿ ಒಪ್ಪದೆ ಬಾಯಲ್ಲಿ ಒಪ್ಪುವುದು ಸರಿಯಲ್ಲ ಅಂತ 1869ರಲ್ಲಿ ರಾಜೀನಾಮೆ ಕೊಟ್ಟ. ಜಾಣತನ ಒಳ್ಳೆಯತನಗಳ ವಿಷಯ ಬರೆಯೋಕೆ ಇಂಥವನಿಗೆ ಹಕ್ಕಿದೆ. 1874ರಲ್ಲಿ ದೊಡ್ಡ ಪುಸ್ತಕ ಬರೆದ. ನನ್ನ ಹಿತ ನೋಡಿಕೊಳ್ಳುವುದೂ ನ್ಯಾಯವಾಗಿ ಕಾಣುತ್ತದೆ, ಎಲ್ಲರ ಹಿತ ನೋಡುವುದೂ ನ್ಯಾಯವಾಗಿ ಕಾಣುತ್ತದೆ, ಎರಡೂ ಡಿಕ್ಕಿ ಹೊಡೆದಾಗ ಯಾವುದು ಮೇಲೆ ಅಂತ ಬುದ್ಧಿಯೊಂದರಿಂದಲೇ ಹೇಳೋಕಾಗುವುದಿಲ್ಲ ಅನ್ನುವಲ್ಲಿಗೆ ಬಂದು ನಿಂತ. ಆ ಪುಸ್ತಕದ ಕಟ್ಟಕಡೆಯ ಪದ ಸೋಲು.

ಮುಂದಿನ ಆವೃತ್ತಿಗಳಲ್ಲಿ ಆ ಸಾಲನ್ನು ತೆಗೆದ. ಅಷ್ಟು ದೂರ ಬಂದ ಓದುಗರಿಗೆ ಬೇಸರವಾಗುತ್ತದೆ ಅಂತಲೋ, ನಿಜವಾಗಿಯೂ ಅಷ್ಟೇನೂ ಸೋತಿಲ್ಲ ಅಂತ ಅನ್ನಿಸಿತೋ. ನನಗೆ ಮಾತ್ರ ಮೊದಲ ಆವೃತ್ತಿಯೇ ಇಷ್ಟ.